ಜಬ್ಬಾರ್ ಸಾಬರು ಮಾಡಿಕೊಟ್ಟ ಸೂಜಿ

ಜಬ್ಬಾರ್ ಸಾಬರು ಯಾವ ಸಾಮಾನನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ತುಟಿಗಿಟ್ಟು ಊದುತ್ತಿದ್ದರು. ಮದ್ದೂರಿನ ಬಸ್ ನಿಲ್ದಾಣದ ಹಿಂದೆ ಪಂಪ್ ಸ್ಟವ್ ರಿಪೇರಿ ಮಾಡಿಕೊಂಡೇ ಮುದುಕರಾದವರು ಅವರು. ಕೂದಲೆಳೆಯಷ್ಟು ತೂತಿನೊಳಗೆ ಏನು ಸಿಕ್ಕಿಕೊಂಡಿದೆಯೆಂದು ಅವರ ಉಸಿರಿಗೇ ಗೊತ್ತಾಗುತ್ತಿತ್ತು. ರಂಜಾನ್ ತಿಂಗಳಲ್ಲಿ ಮಾತ್ರ, "ಸಂಜೆ ಉಪವಾಸ ಬುಟ್ಮೇಲೆ ಊದ್ತೀನಿ, ಮಡಗಿ ಓಗಿ" ಎನ್ನುತ್ತಿದ್ದರು. ಒಮ್ಮೆ ನನ್ನ ಕುಕ್ಕರಿನ ವೆಯ್ಟ್ ಊದಿ, "ನೆನ್ನೆ ಬೇಳೆಗೆ ಉಪ್ಪು ಮರ್ತಿದ್ರಾ ಟೀಚರಮ್ಮ?" ಎಂದರು. ಮೈಯೆಲ್ಲ ಉರಿಯಿತು. ನಿಜವಾಗಿಯೂ ಮರೆತಿದ್ದೆ.

ಆ ಅಂಗಡಿಯಲ್ಲಿ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಸೀಮೆಎಣ್ಣೆಯ ವಾಸನೆ, ಅರದ ಸಣ್ಣ ಸದ್ದು, ಬಾಗಿಲ ಬಿಸಿಲಿನಲ್ಲಿ ತೇಲುವ ಹಿತ್ತಾಳೆಯ ಪುಡಿ. ಬಸ್ಸಿನವರ ಕೂಗಾಟ ಕೂಡ ಎಲ್ಲೋ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ನಾನು ನಿವೃತ್ತಳಾದ ವರ್ಷ ಅಂಥದೊಂದು ಮಧ್ಯಾಹ್ನ, ನಮ್ಮಣ್ಣನ ಮಾಡೆಲ್ ವಿಮಾನದ ಎಂಜಿನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ನಿಂಬೆಹಣ್ಣಿನಷ್ಟು ಎಂಜಿನ್ನಿಗೆ ಬೆರಳ ತುದಿಯಷ್ಟು ಕಾರ್ಬುರೇಟರು. ಎಣ್ಣೆ ಎಷ್ಟು ಹರಿಯಬೇಕೆಂದು ತೀರ್ಮಾನಿಸುವ ಸೂಜಿಯೇ ಅದರಲ್ಲಿರಲಿಲ್ಲ. ಆ ಸೂಜಿ ಎಲ್ಲೂ ಸಿಗದೆ ವಿಮಾನ ನಮ್ಮೂರು ಹೊಳಲಿನ ಮನೆಯ ಅಟ್ಟ ಸೇರಿ ನಲವತ್ತು ವರ್ಷ ದಾಟಿತ್ತು. "ನಾನೇ ಸರಿಯಾಗಿ ಬಿಗಿ ಮಾಡ್ನಿಲ್ಲ ಕಣೆ, ಅದುರಿ ಎಲ್ಲೋ ಬಿದ್ದೋಯ್ತು" ಎಂದು ಅಣ್ಣ ಇಷ್ಟು ವರ್ಷವೂ ಪೇಚಾಡುತ್ತಲೇ ಇದ್ದ.

ಸಾಬರು ಊದಿದರು. ಆಮೇಲೆ ಬಿಸಿಲಿಗೆ ಹಿಡಿದರು. "ಬಿದ್ದಿರೋದಲ್ಲ ಕಣಮ್ಮ. ಅದುರಿ ಬಿದ್ದಿದ್ರೆ ಥ್ರೆಡ್ಡು ಸವ್ದಿರೋದು. ಇದು ಒಸದ್ರಂಗೆ ಅದೆ. ಯಾರೋ ಬಿಚ್ಚವ್ರೆ."

"ಯಾರು ಬಿಚ್ಚಿದ್ರೆ ನಿಮಗೇನು ಸಾಬ್ರೇ? ಸೂಜಿ ಮಾಡ್ಕೊಡಿ" ಎಂದು ರೇಗಿದೆ.

ಅವರು ಅರ ಎತ್ತಿಕೊಂಡರು. ಸೈಕಲ್ ಕಡ್ಡಿಯೊಂದನ್ನು ತೇಯತೊಡಗಿದರು. ಆ ಸದ್ದು ತಡೆಯಲಾರದೆ ನಾನೇ ಬಾಯಿಬಿಟ್ಟೆ. ಬಿಚ್ಚಿದವಳು ನಾನೇ. ತಂತಿ ಕಟ್ಟಿ ಸುತ್ತಲೂ ಹಾರಿಸುವ ವಿಮಾನವದು. ಅಣ್ಣ ತಂತಿಯ ಹಿಡಿ ಹಿಡಿದರೆ ನಾನು ವಿಮಾನದ ಬಾಲ ಹಿಡಿದು ನಿಲ್ಲಬೇಕು. "ಹೆಣ್ಣುಡುಗೀಗೆ ಯಾಕೆ" ಎಂದು ಒಂದು ಸಲವೂ ಹಿಡಿ ಕೊಡಲಿಲ್ಲ. ಸಿಟ್ಟಿಗೆ ಸೂಜಿ ಬಿಚ್ಚಿ ನಾಲೆಗೆಸೆದೆ. ಅವನು ಎರಡು ದಿನ ಗದ್ದೆಯಲ್ಲಿ ಮಂಡಿಯೂರಿ ಹುಡುಕಿದ. ಪಕ್ಕದಲ್ಲಿ ನಾನೂ ಹುಡುಕುವ ನಾಟಕವಾಡಿದೆ.

"ಅಯ್ಯೋ ಪಾಪಿ!" ಸಾಬರು ನಕ್ಕುಬಿಟ್ಟರು. "ಸೂಜಿ ನಾ ಮಾಡ್ಕೊಡ್ತೀನಿ. ಅಣ್ಣಂಗೆ ನೀವೇ ಯೋಳ್ಬೇಕು."

"ಉಸ್ರು ಜಾಸ್ತಿ ಓಯ್ತಾ ಅದೆ" ಎಂದು ಮೂರು ಸೂಜಿ ಬಿಸಾಡಿದರು. ನಾಲ್ಕನೆಯದನ್ನು ಕೂರಿಸಿ ಊದಿದಾಗ ಕಣ್ಣು ಮುಚ್ಚಿಕೊಂಡು ತಲೆದೂಗಿದರು.

ಶಿವಪುರದಾಚೆ ಕಟಾವಾದ ಗದ್ದೆಗೆ ಮೂವರೂ ಹೋದೆವು. ಮಂಡ್ಯದಿಂದ ಬಂದಿದ್ದ ಅಣ್ಣ ಎಂಜಿನನ್ನು ಹಲಗೆಗೆ ಬಿಗಿದು, ಸೀಮೆಎಣ್ಣೆ, ಹರಳೆಣ್ಣೆ, ಈಥರ್ ಬೆರೆಸಿ ಹುಯ್ದು, ಫ್ಯಾನನ್ನು ಬೆರಳಿನಿಂದ ತಟ್ಟಿದ. ಐದಾರು ಸಲ ಕೆಮ್ಮಿ ಎಂಜಿನ್ ಹೊತ್ತಿಕೊಂಡಿತು. ಆ ಹೊಗೆಯಲ್ಲಿ ತಲೆ ಹಗುರಾಗಿ, ಹೊಳಲಿನ ಗದ್ದೆಯಲ್ಲೇ ನಿಂತಿದ್ದೇವೆ ಅನ್ನಿಸಿತು. ಅಣ್ಣನ ಕಣ್ಣು ತುಂಬಿತ್ತು. "ಅವತ್ತು ನಾನು ಬಿಗಿ ಮಾಡಿದ್ದಿದ್ರೆ..." ಎಂದ.

"ನಿಮ್ ಬಿಗಿ ಸರ್ಯಾಗೇ ಇತ್ತು ಸಾ" ಎಂದು ಸಾಬರು ಕೈ ಒರೆಸಿಕೊಳ್ಳುತ್ತಾ ಆ ಕಡೆ ತಿರುಗಿಕೊಂಡರು.

"ನಾನೇ ಬಿಚ್ಚಿ ನಾಲೆಗೆ ಎಸ್ದೆ ಕಣಣ್ಣ" ಎಂದೆ.

ಅವನು ನನ್ನ ಕಡೆ ತಿರುಗಿದ. "ಅಷ್ಟು ಕ್ವಾಪ ಇತ್ತೇನೆ ನನ್ಮೇಲೆ?"

"ಇತ್ತು. ಇನ್ನೂ ಒಸಿ ಅದೆ."

ಸಾಬರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಮ್ಮು ಬರುವಷ್ಟು ನಕ್ಕರು. ಅಣ್ಣ ನಗಲಿಲ್ಲ. ಎಂಜಿನ್ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಆಮೇಲೆ ಒಂದು ತಿಂಗಳು ಫೋನೂ ಇಲ್ಲ. ನಾನು ಅನ್ನ ಸೇರದೆ ಒದ್ದಾಡಿದೆ. "ಬತ್ತಾರೆ, ಸುಮ್ಕಿರಿ" ಎನ್ನುತ್ತಿದ್ದರು ಸಾಬರು.

ಒಂದು ಭಾನುವಾರ ಅಣ್ಣ ಬಂದೇಬಿಟ್ಟ. ವಿಮಾನಕ್ಕೆ ಹೊಸ ರೆಕ್ಕೆ ಕಟ್ಟಿ ತಂದಿದ್ದ. ಅದೇ ಗದ್ದೆಯಲ್ಲಿ ತಂತಿಯ ಹಿಡಿಯನ್ನು ನನ್ನ ಕೈಗೆ ತುರುಕಿ, ತಾನು ಹೋಗಿ ಬಾಲ ಹಿಡಿದು ಕೂತ. ಏಳು ಸುತ್ತು ಹಾರಿಸಿದೆ. ಕಬ್ಬು, ತೆಂಗು, ಆಕಾಶ, ಅಣ್ಣ ಎಲ್ಲವೂ ನನ್ನ ಸುತ್ತ ತಿರುಗಿದವು.

ಮರುದಿನ ಬೆಳಿಗ್ಗೆಯೇ ಸಾಬರಿಗೆ ಹೇಳಲು ಓಡಿದೆ. ಅಂಗಡಿ ಮುಚ್ಚಿತ್ತು. "ಸಾಬ್ರು ತೀರೋಗ್ಬುಟ್ರಲ್ಲ ಟೀಚರಮ್ಮ, ಮೂರು ದಿನ ಆಯ್ತು" ಎಂದಳು ಪಕ್ಕದ ಹೂವಿನವಳು.

ಅಳು ಬಂತು, ಸಿಟ್ಟೂ ಬಂತು. ಇನ್ನೊಂದು ನಾಲ್ಕು ದಿನ ಇರಬಾರದಿತ್ತೇ ಆ ಮನುಷ್ಯ? ಜನ ನೋಡುತ್ತಿದ್ದರೂ ಸರಿ, ಮುಚ್ಚಿದ ಬಾಗಿಲ ಮುಂದೆ ನಿಂತು, "ಸಾಬ್ರೇ, ಅಣ್ಣ ಬಾಲ ಹಿಡ್ಕೊಂಡ, ನಾನೇ ಹಾರಿಸ್ದೆ" ಎಂದು ಗಟ್ಟಿಯಾಗಿ ಹೇಳಿ ಬಂದೆ.