ಲೀಸಿಗೆ ಸೇರಿದ ಸಂಡಿಗೆ

ಮಕ್ಕಳೇ, ನೀವು ಆಡಿ ಬೆಳೆದ ಡಬ್ಲಿನ್ನಿನ ಆ ಕೆಂಪು ಇಟ್ಟಿಗೆಯ ಮನೆಯನ್ನು ನಿಮ್ಮಮ್ಮ ಕೊಂಡಳೆಂದೇ ನಾನು ಊರಲ್ಲೆಲ್ಲ ಹೇಳಿದ್ದೆ. ಕೊಂಡದ್ದು ಗೋಡೆ ಮಾತ್ರ, ನೆಲ ಒಂದು ಧರ್ಮಸಂಸ್ಥೆಯದು ಎಂದು ತಿಳಿದದ್ದು ನಿಮ್ಮನ್ನು ನೋಡಿಕೊಳ್ಳಲು ನಾನು ಅಲ್ಲಿಗೆ ಬಂದಿದ್ದ ಕೊರೋನಾ ವರ್ಷದಲ್ಲಿ. ಬಡ ವಿಧವೆಯರನ್ನು ಸಾಕಲೆಂದು ಯಾರೋ ಪುಣ್ಯಾತ್ಮ ಬಿಟ್ಟುಹೋದ ನೆಲವಂತೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅದನ್ನು ನೂರೈವತ್ತು ವರ್ಷಕ್ಕೆ ಲೀಸಿಗೆ ಕೊಟ್ಟು ಮನೆ ಕಟ್ಟಿಸಿದ್ದರು. ಆ ಲೀಸು ಮುಗಿಯುತ್ತಾ ಬಂದಿತ್ತು. ಹೊಸದು ಮಾಡಿಕೊಡದಿದ್ದರೆ ಗೋಡೆಯೂ ಅವರದೇ.

ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನಿಮ್ಮಮ್ಮ ಕೋವಿಡ್ ವಾರ್ಡಿಗಿಂತ ಇದಕ್ಕೇ ಹೆಚ್ಚು ಹೆದರಿದ್ದಳು. "ಅಮ್ಮಾ, ಅವರ ಕಡೆಯವರು ಮನೆ ನೋಡೋಕೆ ಬರ್ತಾರೆ. ಹಳೇ ಷರತ್ತು ಒಂದು ಮುರಿದ್ರೂ ಲೀಸ್ ಇಲ್ಲ," ಎಂದು ಹೇಳಿ ಡ್ಯೂಟಿಗೆ ಓಡುತ್ತಿದ್ದಳು. ಯಾವ ಷರತ್ತು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮೂರಲ್ಲಿ ಮಠದ ಜಾಗದಲ್ಲಿ ಮನೆ ಕಟ್ಟಿಕೊಂಡವರು ಹಬ್ಬಕ್ಕೊಂದು ತೆಂಗಿನಕಾಯಿ ಒಪ್ಪಿಸಿದರೆ ಸಾಕಿತ್ತು. ಅಂಗಳದಲ್ಲಿ ಏನು ಒಣಗಿದೆ ಎಂದು ನೋಡಲು ಸ್ವಾಮಿಗಳು ಬರುತ್ತಿರಲಿಲ್ಲ.

ಆ ವಸಂತದಲ್ಲಿ ಲಾಕ್‌ಡೌನ್ ಇಲ್ಲದ್ದು ಬಿಸಿಲೊಂದಕ್ಕೇ. ಅಂಥ ಬಿಸಿಲು ಈ ದೇಶದಲ್ಲಿ ಮತ್ತೆ ಸಿಕ್ಕೀತೇ? ಹಿತ್ತಲಲ್ಲಿ ಬರೀ ನೆರಳು. ಮುಂದಿನ ಮೆಟ್ಟಿಲ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟು, ಹಕ್ಕಿಗಳು ಬಾರದಿರಲೆಂದು ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿಟ್ಟೆ.

ಸಂಸ್ಥೆಯವನು ಅಂದೇ ಬಂದ. ಮಾಸ್ಕು ಹಾಕಿಕೊಂಡು ಗೇಟಿನಾಚೆ ನಿಂತು ಮೊದಲು ವೈದ್ಯರ ತ್ಯಾಗವನ್ನು ಕೊಂಡಾಡಿದ. ಆಮೇಲೆ ಸಂಡಿಗೆ ನೋಡಿದ. ನಾನು ಕಿಟಕಿಯ ಪರದೆಯ ಹಿಂದೆ ಅವಿತಿದ್ದೆ. ನಿಮ್ಮಲ್ಲಿ ದೊಡ್ಡವಳು ಬಾಗಿಲಲ್ಲಿ ನಿಂತು ಅವನ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಅಜ್ಜಿ, ಮನೆ ಮುಂದೆ ಒಣಗಿಸೋ ಹಾಗಿಲ್ವಂತೆ. ಲೀಸಲ್ಲಿ ಐತಂತೆ. ಬಟ್ಟೆ, ಕಾರ್ಪೆಟ್..."

"ಸಂಡಿಗೆ ಐತಾ ಕೇಳು."

ಅವನು ಕಾಗದ ತಿರುವಿಹಾಕಿದ.

"ಇಲ್ವಂತೆ."

"ಹಂಗಾದ್ರೆ ಇನ್ನೊಂದು ಕೇಳು. ಈ ನೆಲ ವಿಧವೆಯರಿಗೆ ಅಂತ ಅಲ್ವಾ ಬಿಟ್ಟಿದ್ದು, ಅವರೆಲ್ಲಿ?"

"ಈಗ ಯಾರೂ ಇಲ್ವಂತೆ ಅಜ್ಜಿ. ಆಫೀಸು, ಕಮಿಟಿ ಐತಂತೆ."

"ಒಬ್ಬಳು ಇಲ್ಲೇ ಅವ್ಳೆ ಅಂತ ಹೇಳು. ಅವಳನ್ನ ಸಾಕೋದೇನೂ ಬೇಡ, ಬಿಸಿಲು ಬಿಟ್ಟುಕೊಟ್ಟರೆ ಸಾಕು."

ಅವಳು ಹೇಳಿದಳು. ಅವನ ಕಿವಿ ಕೆಂಪಾದದ್ದು ಪರದೆಯ ಸಂದಿಯಿಂದಲೂ ಕಂಡಿತು. ನಾವು 'ಆಯ್ತು, ಆಯ್ತು' ಅನ್ನುವ ಕಡೆ ಅಲ್ಲಿಯವರು ಅನ್ನುವಂತೆ "ಗ್ರ್ಯಾಂಡ್, ಗ್ರ್ಯಾಂಡ್," ಎನ್ನುತ್ತ ಹೊರಟುಹೋದ.

"ಒಂದು ಸಂಡಿಗೆಗೋಸ್ಕರ ಮನೆ ಕಳೀತೀಯಲ್ಲಮ್ಮ!" ಎಂದು ನಿಮ್ಮಮ್ಮ ಸಂಜೆ ಅತ್ತೇಬಿಟ್ಟಳು. ನಾನು ಪಂಚೆಯ ಸಮೇತ ಸಂಡಿಗೆಯನ್ನು ಒಳಗೆ ತಂದಿಟ್ಟೆ.

ಕೊನೆಗೆ ಹೊಸ ಲೀಸು ಬಂತು. ಷರತ್ತುಗಳಲ್ಲಿ ಬಟ್ಟೆ, ಕಾರ್ಪೆಟ್‌ಗಳ ಪಕ್ಕದಲ್ಲಿ 'ಆಹಾರ ಪದಾರ್ಥ' ಹೊಸದಾಗಿ ಸೇರಿತ್ತು. ಆ ಸಂಸ್ಥೆ ಒಬ್ಬ ವಿಧವೆಯನ್ನು ನೆನೆದು ಮಾಡಿದ ಕೆಲಸ ನಾನು ಕಂಡಂತೆ ಅದೊಂದೇ.

ಮುಂದಿನ ಸಲ ಸಂಡಿಗೆಯನ್ನು ನಿಮ್ಮಮ್ಮನ ಕಾರಿನ ಬಾನೆಟ್ ಮೇಲೆ ಇಟ್ಟೆ. ಕಾರು ನಿಂತಿದ್ದದ್ದು ರಸ್ತೆಯಲ್ಲಿ, ರಸ್ತೆ ಧರ್ಮದ್ದಲ್ಲ.