ಇಂಗು ಬೆರೆಸಿದ ಬ್ರಾಂದಿ

ಕುಡಿಯದವರ ನಾಲಗೆಯೇ ಮದ್ಯದ ಪರೀಕ್ಷೆಗೆ ಒಳ್ಳೆಯದು ಎಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಕಳಲೆಯ ಲಿಂಗಾಯತರ ಮನೆ, ಕೊರಳಲ್ಲಿ ಲಿಂಗ, ಕೈಯಲ್ಲಿ ಕೆಮಿಸ್ಟ್ರಿ ಡಿಗ್ರಿ. ತಾಂಡ್ಯದ ಆ ಸಣ್ಣ ಕಾರ್ಖಾನೆಯಲ್ಲಿ ಬ್ರಾಂದಿ, ರಮ್ಮು, ವೈನು, ಜೊತೆಗೆ ಬೆರೆಸಿಕೊಳ್ಳುವ ಸೋಡಾ, ಟಾನಿಕ್ಕು ಎಲ್ಲವನ್ನೂ ಸೀಸೆಗೆ ತುಂಬುತ್ತಾರೆ. ನಮ್ಮ ಸರಕನ್ನೂ ಪೇಟೆಯ ಎದುರಾಳಿಗಳ ಸರಕನ್ನೂ ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದು, ಎರಡು ಸಾಲು ವಿಮರ್ಶೆ ಬರೆಯುವುದು ನನ್ನ ಕೆಲಸ. ಬೇರೆ ವಾಸನೆ ಸೇರಬಾರದೆಂದು ಮಲ್ಲಿಗೆ ಮುಡಿಯುವಂತಿಲ್ಲ, ವಿಭೂತಿ ಹಚ್ಚುವಂತಿಲ್ಲ. ಮನೆಯಲ್ಲಿ ಜ್ಯೂಸ್ ಫ್ಯಾಕ್ಟರಿ ಎಂದು ಹೇಳಿದ್ದೆ.

ಅಬ್ಬಾ, ಆ ಎರಡು ಸಾಲಿನಲ್ಲಿ ನನಗಿದ್ದ ಸುಖ! ಒಂದು ಬಿಯರಿಗೆ "ನೊರೆ ಇದೆ, ಬಿಯರ್ ಇಲ್ಲ" ಎಂದು ಬರೆದೆ. ರಮ್ಮಿಗೆ "ಬೆಲ್ಲ ಸೀದ ಬಾಣಲೆ ತೊಳೆದ ನೀರು". ಕೆಂಪು ವೈನಿಗೆ "ಇನ್ನೊಂದು ವಾರ ಬಿಟ್ಟರೆ ಉಪ್ಪಿನಕಾಯಿಗಾದರೂ ಆದೀತು". ಟಾನಿಕ್ಕಿಗೆ "ಇದನ್ನು ಬೆರೆಸಿ ಕುಡಿದವರು ಪಾಪದ ಜಿನ್ನನ್ನು ಬೈಯುತ್ತಾರೆ". ಪೂರಾ ಕೆಟ್ಟದ್ದಾಗಿದ್ದರೆ ಚರಂಡಿಗೆ ಚೆಲ್ಲಿ ಸುಮ್ಮನಾಗಬಹುದು. ನಮ್ಮ ಟೇಬಲ್ಲಿಗೆ ಬರುತ್ತಿದ್ದದ್ದು ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ, ಬರೀ ಸಾಧಾರಣ. ಸಾಧಾರಣ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ವಿದ್ಯೆ ಕಲಿಸಿದವರು ನಮ್ಮ ಹಿರಿಯ ಟೇಸ್ಟರ್, ಟಿ. ನರಸೀಪುರದವರು. ಕಾರ್ಖಾನೆಗೆಲ್ಲ ಮೇಷ್ಟ್ರು. ಮೊದಲನೇ ದಿನವೇ "ಉಗಿಯೋದ್ ಕಲಿ ಮೊದ್ಲು, ಒಗಳೋದು ಆಮೇಕ್ ನೋಡವ" ಎಂದಿದ್ದರು. ನಾನು ಉಗಿಯುವುದನ್ನು ಚೆನ್ನಾಗಿಯೇ ಕಲಿತೆ.

ಕೊರೋನಾ ಜ್ವರ ಬಂದು ಎದ್ದ ಮೇಲೆ ಮೇಷ್ಟ್ರು ಬದಲಾದರು. ನಾನು ಬರೆಯುವ ತನಕ ಪೆನ್ನು ಎತ್ತುತ್ತಿರಲಿಲ್ಲ. ನನಗೆ ಅನುಮಾನ ಬಂತು. ಒಂದು ದಿನ ಹುಳಿ ತಿರುಗಿದ ವೈನಿಗೆ ಬೇಕೆಂದೇ "ಹಣ್ಣಿನ ಪರಿಮಳ, ಸೊಗಸಾಗಿದೆ" ಎಂದು ಬರೆದು, ಹಾಳೆ ಅವರ ಕಣ್ಣಿಗೆ ಬೀಳುವಂತೆ ಇಟ್ಟೆ. ಅವರೂ "ಹಣ್ಣಿನ ಪರಿಮಳ" ಎಂದು ಬರೆದರು. ಊಟದ ಹೊತ್ತಿನಲ್ಲಿ ಹಿಡಿದುಕೊಂಡೆ.

"ಏನ್ ಸಾ, ವಾಸನೆ ಗೊತ್ತಾಗ್ತಿಲ್ವಾ?"

ಮೇಷ್ಟ್ರು ಸುತ್ತ ನೋಡಿದರು. "ಮೂಗೂ ಸತ್ತದೆ, ನಾಲ್ಗೆನೂ ಸತ್ತದೆ ಕಣವ್ವ. ಗಂಟ್ಲು ಉರಿಯೋದೊಂದ್ ಗೊತ್ತಾಯ್ತದೆ. ಯಾರ್ಗೂ ಗೊತ್ತಾಗ್ಬಾರ್ದು. ರಿಟೈರ್ ಆಗೋಗಂಟ ಸುಮ್ಕಿರು. ನಿನ್ ಕಾಲ್ಗ್ ಬೀಳ್ಬೇಕಾ?"

ಬೇಡಿ ಎಂದೆ. ಸುಮ್ಮನಿರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಮುಚ್ಚುಮರೆ ಯಾಕೆ, ನನಗೆ ಅವರ ಕುರ್ಚಿ ಬೇಕಿತ್ತು. ನನ್ನ ನಾಲಗೆ ದುಡಿಯುತ್ತಿದೆ, ಹೆಸರು ಅವರಿಗೆ ಹೋಗುತ್ತಿದೆ ಎಂಬ ಹೊಟ್ಟೆಕಿಚ್ಚೂ ಇತ್ತು.

ನಮ್ಮಲ್ಲಿ ತಿಂಗಳಿಗೊಮ್ಮೆ ಮ್ಯಾನೇಜರ್ ಮತ್ತು ಸೇಲ್ಸಿನವರ ಎದುರು ಮೂರು ಗ್ಲಾಸಿನ ಪರೀಕ್ಷೆ ನಡೆಯುತ್ತದೆ. ಎರಡರಲ್ಲಿ ಒಂದೇ ಸರಕು, ಒಂದರಲ್ಲಿ ಬೇರೆ. ಯಾವುದು ಬೇರೆ ಎಂದು ಟೇಸ್ಟರ್ ಹೇಳಬೇಕು. ಆ ತಿಂಗಳು ಗ್ಲಾಸ್ ಜೋಡಿಸುವ ಸರದಿ ನನ್ನದು. ಜೋಡಿಸಿದವರು ಬರೆಯುವಂತಿಲ್ಲವಾದ್ದರಿಂದ ಮೇಷ್ಟ್ರಿಗೆ ನಕಲು ಹೊಡೆಯಲು ಹಾಳೆಯಿರಲಿಲ್ಲ. ಮೂರಕ್ಕೂ ನಮ್ಮದೇ ಬ್ರಾಂದಿ ಸುರಿದು, ನಡುವಿನದಕ್ಕೆ ಮನೆಯಿಂದ ತಂದ ಇಂಗನ್ನು ಕದಡಿ ಸೋಸಿ ಹಾಕಿದೆ. ಕೋಣೆಯೆಲ್ಲ ಘಾಟು. ಸೇಲ್ಸಿನವನೊಬ್ಬ ಕರ್ಚೀಫು ಮೂಗಿಗೆ ಒತ್ತಿಕೊಂಡು ಕೂತಿದ್ದ.

ಮೇಷ್ಟ್ರು ಗ್ಲಾಸನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಗನ್ನು ಒಳಗೇ ತೂರಿಸಿ ಕಣ್ಣು ಮುಚ್ಚಿದರು. ಇಪ್ಪತ್ತೈದು ವರ್ಷದ ಅಭ್ಯಾಸ, ಒಂದು ಹಾವಭಾವವೂ ತಪ್ಪಲಿಲ್ಲ. "ಮೂರನೇದು ಬೇರೆ. ನಡುವಿಂದು ನಮ್ದೇ. ಒಣದ್ರಾಕ್ಷಿ ವಾಸ್ನೆ, ಕೊನೇಲಿ ಒಸಿ ಏಲಕ್ಕಿ" ಎಂದರು.

ಮೊದಲು ನಕ್ಕದ್ದು ಮ್ಯಾನೇಜರ್. ಆಮೇಲೆ ಎಲ್ಲರೂ. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಇನ್ನೊಂದ್ ಸಲ ಮೂಸಿ ಸಾ, ಯಾರೋ ಒಗ್ಗರಣೆ ಹಾಕವ್ರೆ" ಎಂದೆ. ಮನುಷ್ಯ ಮತ್ತೆ ಮೂಸಿದರು! ಸೇಲ್ಸಿನವನು ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದ. ಮೇಷ್ಟ್ರು ಗ್ಲಾಸ್ ಕೆಳಗಿಟ್ಟು ನನ್ನನ್ನೇ ನೋಡುತ್ತ ಕೂತರು. ಆ ವಾರವೇ ಅವರನ್ನು ಮನೆಗೆ ಕಳಿಸಿದರು, ಕುರ್ಚಿ ನನಗೆ ಬಂತು.

ಅವರು ಮಿಶ್ರಣದ ಅಳತೆಗಳನ್ನು ಬರೆದಿಟ್ಟಿದ್ದ ನೋಟ್‌ಬುಕ್ ಮಾತ್ರ ಅವರ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಒಂದು ಭಾನುವಾರ ಮಧ್ಯಾಹ್ನ ನರಸೀಪುರಕ್ಕೆ ಹೋದೆ. ಮೇಷ್ಟ್ರು ಊಟ ಮುಗಿಸಿ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಅವರ ಹೆಂಡತಿ ನನ್ನನ್ನು ಬಿಡದೆ ತಟ್ಟೆಯ ಮುಂದೆ ಕೂರಿಸಿದರು. ನಾನಾಗಿಯೇ ಕೆಲಸ ಬಿಟ್ಟೆ ಎಂದು ಗಂಡ ಹೇಳಿದ್ದನ್ನು ಆಯಮ್ಮ ನಂಬಿದ್ದರು.

"ಮೂವತ್ತು ವರ್ಸ ತಟ್ಟೆ ನೂಕವ್ರೆ ಕಣವ್ವ" ಎಂದರು ಬಡಿಸುತ್ತ. "ಉಪ್ಪಿಲ್ಲ, ಹುಳಿಯಿಲ್ಲ, ನಿನ್ ಕೈಗೆ ರುಚಿನೇ ಇಲ್ಲ ಅಂತ. ಜ್ವರ ಬಂದೋದ್ಮೇಲೆ ಬುದ್ಧಿ ಬಂತು. ಏನಿಕ್ಕುದ್ರೂ ಚೆಂದಾಗದೆ ಅಂತಾರೆ, ಒಂದಿನಾನೂ ತಪ್ಸಕ್ಕಿಲ್ಲ. ಈಗ ನಂಗೆ ಅಡ್ಗೆ ಮಾಡಕ್ಕೇ ಆಸೆ ಆಯ್ತದೆ." ಮುಖ ಅರಳಿತ್ತು. "ನೀನೂ ರುಚಿ ನೋಡೋಳೇ ಅಲ್ವಾ? ಯೇಳು, ಸಾರು ಎಂಗದೆ?"

ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಬಾಯಿಗಿಡುವಂತಿರಲಿಲ್ಲ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿ ಎದ್ದುಬಿಡಬಹುದಿತ್ತು. ನನ್ನ ಹಾಳು ಬಾಯಿಗೆ ಅದು ಬರಲಿಲ್ಲ.

"ಉಪ್ಪು ಎರಡು ಸಲ ಹಾಕಿಬಿಟ್ಟಿದ್ದೀರಿ" ಎಂದೆ.

"ಅಯ್ಯೋ, ಈಗ್ ತಾನೆ ಉಂಡ್ರು, ಇನ್ನೊಂದ್ ಸೌಟು ಇಕ್ಕುಸ್ಕಂಡ್ರಲ್ಲ!"

"ಅವರಿಗೆ ರುಚಿ ಗೊತ್ತಾಗಲ್ಲ ಅಮ್ಮ. ಜ್ವರದಲ್ಲೇ ಹೋಯ್ತು. ಕೆಲಸದಿಂದ ತೆಗೆದಿದ್ದೂ ಅದಕ್ಕೇ."

ಆಯಮ್ಮ ತಾವಿನ್ನೂ ಉಂಡಿರಲಿಲ್ಲ. ಸಾರಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟು ನೋಡಿದರು. ಅಷ್ಟರಲ್ಲಿ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ನನ್ನ ತಟ್ಟೆ ನೋಡಿ, "ಉಣ್ಣವ್ವ, ಇವತ್ತು ಸಾರು ಬೋ ಚೆಂದಾಗದೆ" ಎಂದರು. ಹೆಂಡತಿ ಪಾತ್ರೆ ಎತ್ತಿಕೊಂಡು ಅವರನ್ನು ದಾಟಿ ಹಿತ್ತಲಿಗೆ ನಡೆದರು. ಸಾರು ಕಲ್ಲಿನ ಮೇಲೆ ಸುರಿದ ಸದ್ದು ಒಳಗೆ ಕೇಳಿಸಿತು.

ಮೇಷ್ಟ್ರಿಗೆ ಅರ್ಥವಾಯಿತು. ಬಾಗಿಲು ಹಿಡಿದುಕೊಂಡು ನಿಂತರು.

"ಇವಳೊಬ್ಬಳ್ಗೆ ಗೊತ್ತಿರ್ಲಿಲ್ಲ ಕಣವ್ವ" ಎಂದರು. "ಇವಳೊಬ್ಬಳ್ನ ಬುಟ್ಬುಡ್ಬೋದಿತ್ತಲ್ಲ."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಾಯಿಂದ ಬಂದದ್ದು ಒಂದೇ ಮಾತು.

"ನೋಟ್‌ಬುಕ್ ಕೊಡಿ ಸಾ, ಬಸ್ಸಿಗೆ ಹೊತ್ತಾಯ್ತು."