ಜಗಲಿ ಇದ್ದಲ್ಲಿ ಮಾತ್ರ ನಿಲ್ಲುವ ಇಟಲಿ ಗಾಡಿ

ನನ್ನ ಇಟಲಿ ಬೈಕಿನ ಮೇಲೆ ಕೂರುವುದು ಹೇಗಿರುತ್ತದೆ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ. ಹೊಗೆಸೊಪ್ಪಿನ ಸಸಿ ನೆಡುವಾಗ ಬಗ್ಗುತ್ತೀರಲ್ಲ, ಅದೇ ಭಂಗಿ. ಹೊಲದಲ್ಲಾದರೆ ಸಾಲು ಮುಗಿದ ಮೇಲೆ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಬಹುದು. ಇದರಲ್ಲಿ ಹುಣಸೂರಿನಿಂದ ಕೆ.ಆರ್. ನಗರದವರೆಗೂ ಸಾಲು ಮುಗಿಯುವುದೇ ಇಲ್ಲ.

ಇದಕ್ಕೆ ಸ್ಪೋರ್ಟ್ ಟೂರರ್ ಎನ್ನುತ್ತಾರೆ. ರೇಸಿನ ಗಾಡಿಯಂತೆ ಓಡಬೇಕು, ಎಕ್ಸ್‌ಪ್ರೆಸ್ ಬಸ್ಸಿನಂತೆ ದೂರವೂ ಹೋಗಬೇಕು ಎಂಬ ಎರಡು ಆಸೆಗಳನ್ನು ಒಂದೇ ಚಾಸಿಗೆ ಕಟ್ಟಿ ಮಾಡಿದ ಕೆಂಪು ಗಾಡಿ. ಎರಡೂ ಕಡೆ ಪೆಟ್ಟಿಗೆ, ಮುಂದೆ ಗುಂಡಿ ಒತ್ತಿದರೆ ಮೇಲೇಳುವ ಗಾಜು. ಮೈಸೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಅವರು ಗೇಟಿನವರೆಗೆ ಬಂದು, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಬೀಳ್ಕೊಟ್ಟರು. ಪಾಪ, ಗಾಡಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಆ ಕೈ ಯಾಕೆ ಸೊಂಟದ ಮೇಲಿತ್ತು ಎಂಬುದು ಬಿಳಿಕೆರೆ ದಾಟುವಷ್ಟರಲ್ಲಿ ಅರ್ಥವಾಯಿತು.

ಮೊದಲ ವಾರವೇ ಇನ್ನೊಂದು ಘನಕಾರ್ಯ ಮಾಡಿದೆ. ಗಾಡಿ ಓಡಿಸಿದಾಗಲೆಲ್ಲ ಅಂಗೈ ಕಾದು ಕೆಂಪಗಾಗುತ್ತಿತ್ತು. ಜ್ವರ ಎಂದುಕೊಂಡು ಹುಣಸೂರಿನ ಡಾಕ್ಟರ ಹತ್ತಿರ ಹೋದೆ. ಅವರು ನಾಲಿಗೆ ನೋಡಿದರು, ಕಣ್ಣು ನೋಡಿದರು, ಥರ್ಮಾಮೀಟರ್ ಇಟ್ಟರು. "ಏನೂ ಇಲ್ವಲ್ರೀ, ಅಂಗೈಗೆ ಮಾತ್ರ ಜ್ವರ ಬರೋದನ್ನ ನಾನು ನೋಡಿಲ್ಲ" ಎಂದರು. ಆದರೂ ಮಾತ್ರೆ ಇಸಿದುಕೊಂಡು ಬಂದೆ. ಹ್ಯಾಂಡಲ್ಲಿನ ಹಿಡಿಯನ್ನು ಬೆಚ್ಚಗೆ ಮಾಡುವ ಒಂದು ಗುಂಡಿ ಈ ಗಾಡಿಗಿದೆ, ಇಟಲಿಯ ಹಿಮದಲ್ಲಿ ಹೋಗುವವರಿಗೆ. ನಾನು ಅದನ್ನು ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಏರಿಸಿಕೊಂಡು ಓಡಾಡುತ್ತಿದ್ದೆ. ಮಾತ್ರೆಗಳನ್ನು ಮಾತ್ರ ಒಂದೂ ಬಿಡದೆ ನುಂಗಿದ್ದೆ.

ಇಷ್ಟರ ನಡುವೆ ನಾನು ಮನೆಯ ಹಳೇ ಮೊಪೆಡ್ಡನ್ನು ಅತ್ತೆ ಮಗನಿಗೆ ಕೊಟ್ಟುಬಿಟ್ಟಿದ್ದೆ. ಇಂಥ ಗಾಡಿಯ ಪಕ್ಕ ಅದು ನಿಂತರೆ ಮರ್ಯಾದೆ ಏನು ಉಳಿಯಿತು? ಆದರೆ ಅವ್ವ ಹನಗೋಡಿಗೆ, ಸಂತೆಗೆ, ನೆಂಟರ ಮನೆಗೆ ಹೋಗುತ್ತಿದ್ದದ್ದು ಆ ಮೊಪೆಡ್ಡಿನ ಹಿಂದೆ ಒಂದು ಪಕ್ಕಕ್ಕೆ ಕೂತು. ಬಸ್ಸು ಹಿಡಿಯಲು ಮೇನ್ ರೋಡಿನವರೆಗೆ ನಡೆಯಬೇಕು. ಅವ್ವನಿಗೆ ಹಿಮ್ಮಡಿ ನೋವು. ದಿನಾ ಸಂಜೆ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಊರಿಕೊಂಡು 'ಅಬ್ಬಾ' ಎನ್ನುವವಳು. ಮೊಪೆಡ್ಡು ಹೋದ ಮೇಲೆ ಅವ್ವ ಊರು ದಾಟಿರಲಿಲ್ಲ. ಇಟಲಿ ಗಾಡಿಯ ಹಿಂದಿನ ಸೀಟು ಅವ್ವನ ಎದೆ ಮಟ್ಟದಲ್ಲಿತ್ತು.

ಬೀಚನಹಳ್ಳಿಯ ದೊಡ್ಡಮ್ಮನ ಮಗಳಿಗೆ ಹೆರಿಗೆಯಾದ ಸುದ್ದಿ ಬಂದಾಗ ಅಪ್ಪ ತೀರ್ಪು ಕೊಟ್ಟ. ಜಗಲಿ ಮೇಲೆ ಕೂತು, ಗಾಡಿಯ ಕಡೆ ನೋಡದೆ, ಗೋಡೆಗೆ ಹೇಳುವಂತೆ ಹೇಳಿದ.

"ಮನೆ ಗಾಡಿ ಅಂದ್ಮೇಲೆ ಮನೆ ಎಂಗಸ್ರು ಅದ್ರ ಮ್ಯಾಲೆ ಕೂರ್ಬೇಕು. ಭಾನ್ವಾರ ನಿಮ್ಮವ್ವನ್ನ ಇದ್ರಲ್ಲೇ ಬೀಚ್ನಳ್ಳಿಗೆ ಕರ್ಕೊಂಡೋಗಿ ಕರ್ಕೊಂಡ್ಬಾ. ಅವ್ಳು ನೋವು ಅನ್ದೆ ಇಳುದ್ರೆ ಗಾಡಿ ಇರ್ಲಿ. ಅಯ್ಯೋ ಅಂದ್ಲೋ, ಗಾಡಿ ಕೊಡಿ ಅಂತಿದ್ನಲ್ಲ, ಶುಂಠಿ ಬೆಳ್ದು ದುಡ್ಡು ಮಾಡಿರೋ ಪಿರಿಯಾಪಟ್ಣದ ಹುಡ್ಗ, ಅವ್ನು ಅವತ್ತೇ ಸಾಯಂಕಾಲ ಬತ್ತಾನೆ, ತಗೊಂಡೋಗ್ಲಿ. ಮೊಪೆಡ್ಡು ವಾಪಸ್ ಬರ್ಲಿ."

"ಅಪ್ಪಾ, ಅವ್ವ ದಿನಾ ನೋವು ಅಂತಾಳಲ್ಲ!"

"ಅದು ನಿನ್ ಅಣೆಬರ ಕಣ್ಲಾ."

ಆ ಗಾಡಿಯನ್ನು ಕಳೆದುಕೊಂಡರೆ ನಾನು ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ. (ಅದರ ಮೇಲೆ ಕೂತರೂ ತಲೆ ಎತ್ತಲಾಗುವುದಿಲ್ಲ, ಅದು ಬೇರೆ ಮಾತು.) ಹಾಗಾಗಿ ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಶಾಲೆಯ ಗೆಳೆಯನ ಹತ್ತಿರ ಓಡಿದೆ. ಟ್ರ್ಯಾಕ್ಟರ್ ಟ್ರೈಲರು, ಕಿಟಕಿ ಗ್ರಿಲ್ಲು, ಕೋಳಿಗೂಡು ಅವನ ಕೈಚಳಕ. ಗಾಡಿಯ ಸುತ್ತ ಎರಡು ಸುತ್ತು ಬಂದ.

"ಏನ್ಲಾ ಆಗ್ಬೇಕು ಇದಕ್ಕೆ?"

"ಸೀರೆ ಗಾರ್ಡು. ಆಮೇಲೆ ಒಂದು ಪಕ್ಕಕ್ಕೆ ಕೂತೋರು ಕಾಲಿಡಕ್ಕೆ ಒಂದು ಹಲಗೆ."

ಅವನು ವೆಲ್ಡಿಂಗ್ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಲೇ, ಇದ್ನ ಮಾಡ್ದೋನು ಈಗ ಇಟ್ಲೀಲಿ ಊಟಕ್ಕೆ ಕುಂತಿದ್ರೆ ಅವ್ನಿಗೆ ನೆತ್ತಿ ಅತ್ತುತ್ತೆ ಕಣ್ಲಾ."

"ಅತ್ತಲಿ ಬುಡು. ನಮ್ಮವ್ವ ಗಾಡಿ ಅತ್ತಾದು ಮುಖ್ಯ."

ಎಡಗಡೆಯ ಪೆಟ್ಟಿಗೆ ಬಿಚ್ಚಿಸಿದೆವು, ಕಾಲು ಇಳಿಬಿಡಲು ಜಾಗ ಬೇಕಲ್ಲ. ಕಿಟಕಿ ಗ್ರಿಲ್ಲಿನಲ್ಲಿ ಉಳಿದಿದ್ದ ಹೂಬಳ್ಳಿ ಡಿಸೈನಿನ ತುಂಡು ಸೀರೆ ಗಾರ್ಡಾಯಿತು. ಹಲಗೆಗೆ ಒಂದು ಹಳೇ ಟ್ರ್ಯಾಕ್ಟರ್ ನೇಗಿಲಿನ ತಟ್ಟೆಯ ದಪ್ಪ ಕಬ್ಬಿಣ. ಅದನ್ನು ಎಲ್ಲಿ ಕೂರಿಸುವುದು? ಎಲ್ಲೆಡೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಮ್ಮು. ಕೊನೆಗೆ ಹೊಟ್ಟೆಯಡಿಯಿಂದ ಎಡಕ್ಕೆ ಹೊರಡುವ ಸೈಲೆನ್ಸರ್ ಪೈಪಿನ ಕ್ಲಾಂಪಿಗೇ ಸೇರಿಸಿ ಬಿಗಿದ. "ಆನೆ ನಿಂತ್ರೂ ಬಗ್ಗಕಿಲ್ಲ" ಎಂದು ಅದರ ಮೇಲೆ ತಾನೇ ನಿಂತು ಕುಣಿದು ತೋರಿಸಿದ. ಇಬ್ಬರು ಬುದ್ಧಿವಂತರಿದ್ದೆವು ಅಲ್ಲಿ. ಪೈಪು ಕಾಯುತ್ತದೆ, ಆ ಕಾವು ಹಲಗೆಯ ಕಬ್ಬಿಣಕ್ಕೂ ಹತ್ತುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ಜಗಲಿ ಮೇಲೆ ಬಂದು ನಿಂತಳು. ಗಾಡಿಯನ್ನು ಜಗಲಿಗೆ ಒತ್ತಿ ನಿಲ್ಲಿಸಿದೆ. ಅವ್ವ ದೋಣಿ ಹತ್ತುವವಳಂತೆ ಮೆಲ್ಲಗೆ ಹಿಂದಕ್ಕೆ ಸರಿದು ಕೂತಳು. ಅಪ್ಪ ಒಳಗಿನಿಂದ ಒಂದು ನಾಟಿಕೋಳಿ ತಂದ.

"ಬಾಣಂತಿಗೆ. ಇದ್ನೂ ಪೆಟ್ಗೆಗಾಕು."

"ಅಪ್ಪಾ, ಅದು ಗಾಳಿ ಆಡದ ಪೆಟ್ಟಿಗೆ. ವಾಟರ್‌ಪ್ರೂಫು."

"ಅಂಗಾದ್ರೆ ಮುಚ್ಚಳ ತಗ್ದು ಅಗ್ಗ ಕಟ್ಟು."

ಹೀಗೆ ಬಲಗಡೆಯ ಪೆಟ್ಟಿಗೆಯಿಂದ ಕೋಳಿ ತಲೆ ಹೊರಹಾಕಿ, ಎಡಗಡೆಯಿಂದ ಅವ್ವ ಕಾಲು ಇಳಿಬಿಟ್ಟು, ನಡುವೆ ನಾನು ಸಸಿ ನೆಡುತ್ತಾ, ಹುಣಸೂರು ಬಿಟ್ಟು ಎಚ್.ಡಿ. ಕೋಟೆಯ ದಾರಿ ಹಿಡಿದೆವು.

ಈ ಗಾಡಿಯ ಸೀಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸವಾರನ ಸೀಟು ಮುಂದಕ್ಕೆ ಇಳಿಜಾರು. ರಸ್ತೆಯ ಪ್ರತಿ ಹಂಪಿಗೂ ನಾನು ಟ್ಯಾಂಕಿನ ಕಡೆಗೆ ಜಾರುತ್ತೇನೆ, ಮತ್ತೆ ಹಿಂದಕ್ಕೆ ತೆವಳುತ್ತೇನೆ. ನಮ್ಮ ಕಡೆ ಒಂದು ಊರಿಗೆ ಒಂದು ಹಂಪು ಹಾಕಿದರೆ ಮುಂದಿನ ಊರಿನವರು ಮರ್ಯಾದೆಗೆ ಎರಡು ಹಾಕಿಕೊಳ್ಳುತ್ತಾರೆ. ಅಂಗೈ ಜೋಮು, ಕುತ್ತಿಗೆ ಬಿಗಿತ. ಸೊಂಟ ಇದೆಯೋ ಉದುರಿತೋ ನೋಡಲು ಕನ್ನಡಿಗೆ ಇಣುಕಿದರೆ ಅದರಲ್ಲಿ ಕಾಣುವುದು ನನ್ನದೇ ಎರಡು ಮೊಣಕೈ. ಹಿಂದೆ ಅವ್ವ ಇದ್ದಾಳೋ ಇಲ್ಲವೋ ಎಂಬುದು ಮಾತಿನಿಂದಲೇ ತಿಳಿಯಬೇಕು.

"ಅವ್ವಾ, ನೋವಾಗ್ತಿದೆಯಾ?"

"ಮುಂದೆ ನೋಡ್ಕೊಂಡು ಓಡ್ಸು."

ಇದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಬೆನ್ನಿಗೆ ಒಂದು ಗುದ್ದು ಬಿತ್ತು.

"ನಿಲ್ಸು. ಈ ಚಪ್ಲಿ ತಗ್ದು ಪೆಟ್ಗೆಗಾಕು."

"ಯಾಕವ್ವಾ? ಕಾಲು ಸುಡ್ತಿದೆಯಾ?"

"ಏಳ್ದಷ್ಟು ಮಾಡು."

ಹಾಕಿದೆ. ಕೋಳಿ ಆ ಚಪ್ಪಲಿಯ ಮೇಲೆ ತನ್ನ ಅಭಿಪ್ರಾಯವನ್ನು ತಕ್ಷಣ ತಿಳಿಸಿತು. ಅವ್ವನ ಕಾಲು ಊದಿಕೊಂಡಿರಬೇಕು, ಅದಕ್ಕೇ ಚಪ್ಪಲಿ ಬಿಗಿಯಾಗಿದೆ. ಪಿರಿಯಾಪಟ್ಟಣದ ಶುಂಠಿ ಹುಡುಗ ನನ್ನ ಕೆಂಪು ಗಾಡಿಯ ಮೇಲೆ ಕೂತು ಗಾಜು ಮೇಲೇರಿಸುತ್ತಿರುವುದು ಕಣ್ಣ ಮುಂದೆ ಬಂತು.

ಎಚ್.ಡಿ. ಕೋಟೆಯಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ನಾನಿಳಿದು ಗಾಡಿ ಹಿಡಿದುಕೊಂಡು ನಿಂತೆ. ಅವ್ವ ಇಳಿಯಲು ಸುತ್ತ ಜಗಲಿ ಹುಡುಕಿದಳು. ಜಗಲಿ ಇರಲಿಲ್ಲ. ಅಲ್ಲೇ ಕೂತಳು. ಬಸ್ ಸ್ಟ್ಯಾಂಡಿನ ಅರ್ಧ ಜನ ಗಾಡಿ ನೋಡಲು ಬಂದರು, ಉಳಿದರ್ಧ ಕೋಳಿ ನೋಡಲು.

"ಯಾಕಮ್ಮೋ, ಇಳಿಯಕಿಲ್ವ?" ಟೀ ಅಂಗಡಿಯವನು ಕೇಳಿದ.

"ಇಳುದ್ರೆ ಮತ್ತೆ ಅತ್ಸಕ್ಕೆ ಜಗಲಿ ಕಟ್ಟುಸ್ತೀಯೇನಪ್ಪ? ಟೀ ಇಲ್ಲಿಗೇ ಕೊಡು."

ಅವನು ಸ್ಟೂಲಿನ ಮೇಲೆ ಹತ್ತಿ ಅವ್ವನ ಕೈಗೆ ಲೋಟ ಕೊಟ್ಟ. ಒಬ್ಬರು ಮುದುಕರು ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳಿದರು, "ಇದು ಕೋಳಿ ಸಾಗ್ಸಕ್ಕೇ ಅಂತ ಮಾಡಿರ ಗಾಡಿಯೇನ್ಲಾ ಮಗ?"

"ಇಲ್ಲ ತಾತಾ, ಇಟಲಿದು."

"ಅಲ್ಲಿ ಕೋಳಿ ಜಾಸ್ತಿಯೇನೋ" ಎಂದು ತಲೆಯಾಡಿಸಿ ಹೋದರು.

ಲೋಟ ವಾಪಸ್ ಕೊಡುತ್ತಾ ಅವ್ವ ರಸ್ತೆಯಾಚೆ ಕೈ ತೋರಿಸಿದಳು. "ಆ ಬೇಲೀಲಿ ಎಕ್ಕ ಅದೆ. ನಾಕು ದೊಡ್ಡೆಲೆ ಕಿತ್ಕೊಂಡ್ಬಾ."

ಎಕ್ಕದ ಎಲೆ ಎಂದರೆ ಹಿಮ್ಮಡಿ ನೋವು. ಹಿಮ್ಮಡಿ ನೋವು ಎಂದರೆ ಶುಂಠಿ ಹುಡುಗ. ಗಾಡಿಯನ್ನು ಟೀ ಅಂಗಡಿಯವನ ಕೈಗೆ ಕೊಟ್ಟು, ಒಳ್ಳೆಯ ಗ್ಲೌಸಿಗೆಲ್ಲ ಎಕ್ಕದ ಹಾಲು ಮೆತ್ತಿಸಿಕೊಂಡು ಎಲೆ ಕಿತ್ತು ತಂದೆ.

"ಬಾಳ ನೋವಾ ಅವ್ವಾ?"

"ಕೊಡಿಲ್ಲಿ. ಜಾಸ್ತಿ ಮಾತಾಡ್ಬೇಡ."

ಅಲ್ಲಿಂದ ಹೊರಟೆವು. ಕಬಿನಿ ಹಿನ್ನೀರಿನ ಗಾಳಿ ಬರುವವರೆಗೂ ಹಿಂದಿನಿಂದ ಆಗಾಗ ಸಣ್ಣಗೆ 'ಅಬ್ಬಾ' ಎಂದು ಮಾತ್ರ ಕೇಳುತ್ತಿತ್ತು. ಪ್ರತಿ 'ಅಬ್ಬಾ'ಗೂ ನಾನು ಗಾಡಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ.

ಬೀಚನಹಳ್ಳಿಯಲ್ಲಿ ದೊಡ್ಡಮ್ಮನ ಮನೆಗೆ ಒಳ್ಳೆಯ ಎತ್ತರದ ಜಗಲಿ. ಅವ್ವ ಅದರ ಮೇಲೆ ಸಲೀಸಾಗಿ ಇಳಿದು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಇಳಿದದ್ದಷ್ಟೇ ಅಲ್ಲ, ನಡೆದಳು. ನಾನು ಇಳಿದೆ, ಆದರೆ ನೆಟ್ಟಗಾಗಲಿಲ್ಲ. ಸೊಂಟ ಅಲ್ಲೇ ಹಿಡಿದುಕೊಂಡಿತು. ಗಾಡಿಯ ಮೇಲೆ ಹೇಗಿದ್ದೆನೋ ಹಾಗೇ, ಗಾಡಿ ಇಲ್ಲದೆ, ಅಂಗಳದಲ್ಲಿ ಬಗ್ಗಿ ನಿಂತಿದ್ದೆ. ಎದುರಿಗೆ ಬಂದ ದೊಡ್ಡಮ್ಮನಿಗೆ ಕಣ್ಣು ತುಂಬಿತು.

"ಎಷ್ಟ್ ಒಳ್ಳೆ ಬುದ್ಧಿ ಬಂದ್ಬುಟ್ಟದೆ ನಿಂಗೆ! ಬೀದೀಲೇ ಕಾಲಿಗ್ ಬೀಳಾದಾ? ಸಾಕು, ಏಳು ಮಗ."

ಏಳಲಾಗಿದ್ದರೆ ಏಳುತ್ತಿದ್ದೆ. ಒಬ್ಬರ ಕಾಲಿಗೆ ಬಿದ್ದ ಮೇಲೆ ನಡುವೆ ನಿಲ್ಲಿಸಲಾಗುತ್ತದೆಯೇ? ಸುತ್ತ ನಿಂತಿದ್ದ ಹಿರಿಯರಿಗೆಲ್ಲ ಅದೇ ಭಂಗಿಯಲ್ಲಿ ಸರಿಯುತ್ತಾ ನಮಸ್ಕಾರ ಮಾಡಿ, ಕೊನೆಗೆ ಕಂಬ ಹಿಡಿದು ಮೇಲಕ್ಕೆ ಬಂದೆ. ಆ ಊರಲ್ಲಿ ನನಗೆ ಈಗಲೂ ವಿನಯವಂತ ಎಂಬ ಹೆಸರಿದೆ.

ಊಟ ಮಾಡಿ, ಮಗು ನೋಡಿ, ವಾಪಸ್ ಬಂದೆವು. ದಾರಿಯುದ್ದಕ್ಕೂ ಮತ್ತೆ ಅದೇ 'ಅಬ್ಬಾ'. ಮನೆ ತಲುಪುವ ಹೊತ್ತಿಗೆ ಇನ್ನೂ ಬೆಳಕಿತ್ತು. ಜಗಲಿ ಮೇಲೆ ಅಪ್ಪ, ಪಕ್ಕದಲ್ಲಿ ಪಿರಿಯಾಪಟ್ಟಣದ ಶುಂಠಿ ಹುಡುಗ. ಒಳ್ಳೆಯ ಹುಡುಗ, ಹೊಸ ಜಾಕೆಟ್ಟು, ಎದ್ದು ನಿಂತ.

"ಬ್ರದರ್, ಲಾಂಗ್ ರೈಡಿಗೆ ಕಂಫರ್ಟ್ ಎಂಗದೆ?"

ನಾನು ಉತ್ತರ ಕೊಡಲು ಇಳಿದೆ. ಇಳಿದು ಅವನ ಮುಂದೆಯೂ ಬಗ್ಗಿಯೇ ನಿಂತೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅಪ್ಪ ಅವ್ವನನ್ನು ನೋಡಿದ. "ಏನಮ್ಮಿ, ನೋವಾ?"

ನಾನು ಕಣ್ಣು ಮುಚ್ಚಿಕೊಂಡೆ. ಅವ್ವ ಜಗಲಿಗೆ ಕಾಲಿಟ್ಟು, ಹೆಲ್ಮೆಟ್ ತೆಗೆದು, ಬಗ್ಗಿ ಗಾಡಿಯ ಹಲಗೆಯಿಂದ ಏನನ್ನೋ ಸುಲಿದು ಎತ್ತಿದಳು. ಬಾಡಿ ಕಪ್ಪಾದ ಎಕ್ಕದ ಎಲೆಗಳು. ಹಲಗೆ ನಮ್ಮ ಒಲೆಯ ಇಟ್ಟಿಗೆಯಷ್ಟೇ ಹದವಾಗಿ ಕಾದಿತ್ತು.

"ನೋವೆಲ್ಲಿ ಬಂತು? ಮನೇಲಿ ಇಟ್ಗೆ ಆರೋಯ್ತದೆ, ಎರಡೆರಡು ಸಲ ಒಲೆಗಾಕ್ಬೇಕು. ಇದು ಓಯ್ತಾ ಬತ್ತಾ ಒಂದೇ ಸಮ ಕಾವು ಕೊಟ್ಟದೆ. ಎಷ್ಟ್ ವರ್ಸ ಆಗಿತ್ತು ಇಮ್ಮಡಿ ಇಂಗೆ ಅಗುರಾಗಿ!" ಎಂದವಳು ಶುಂಠಿ ಹುಡುಗನ ಕಡೆ ತಿರುಗಿದಳು. "ಅಪ್ಪಾ, ನಿಮ್ಮವ್ವಂಗೆ ಇಮ್ಮಡಿ ನೋವದಾ?"

"ಇಲ್ಲ ಕಣವ್ವ."

"ಅಂಗಾದ್ರೆ ನಿಂಗ್ಯಾಕಪ್ಪ ಈ ಗಾಡಿ? ಕಾಪಿ ಕುಡ್ಕೊಂಡು ಓಗು."

ಅವನು ಕಾಫಿ ಕುಡಿದ. ಹೋಗುವಾಗ ಹೂಬಳ್ಳಿಯ ಸೀರೆ ಗಾರ್ಡನ್ನು ಒಮ್ಮೆ ಮುಟ್ಟಿ, ನನ್ನ ಬೆನ್ನನ್ನು ಒಮ್ಮೆ ನೋಡಿ, ಸಮಾಧಾನದಿಂದಲೇ ಹೋದ.

ಗಾಡಿ ಉಳಿಯಿತು. ಆದರೆ ಅದು ನನ್ನದು ಎಂದು ಹೇಳುವಂತಿಲ್ಲ. ಅವ್ವನಿಗೆ ಈಗ ನೆಂಟರ ನೆನಪು ವಿಪರೀತ. ಕೆ.ಆರ್. ನಗರದಲ್ಲಿ ಯಾರಿಗೋ ಸೀಮಂತ, ಬೈಲಕುಪ್ಪೆಯಲ್ಲಿ ಸ್ವೆಟರ್ ನೋಡಬೇಕು, ಪಿರಿಯಾಪಟ್ಟಣದಲ್ಲಿ ಏನೂ ಇಲ್ಲ, ಆದರೂ ಒಂದು ಸುತ್ತು. ಯಾವ ಊರಿನ ಯಾವ ಮನೆಗೆ ಎಷ್ಟು ಎತ್ತರದ ಜಗಲಿ ಎಂಬುದು ನನಗೆ ಬಾಯಿಪಾಠ. ಹತ್ತಿರದ ದಾರಿಯಲ್ಲಿ ಹೋದರೆ "ಇನ್ನೂ ಕಾವೇ ಇಡುದಿಲ್ಲ, ಸುತ್ಕೊಂಡೋಗ್ಲಾ" ಎಂದು ಬೆನ್ನಿಗೆ ಗುದ್ದು ಬೀಳುತ್ತದೆ.

ಅವ್ವನ ಇಟ್ಟಿಗೆಗೆ ಮನೆಯಲ್ಲಿ ಈಗ ಕೆಲಸವಿಲ್ಲ ಎಂದೇನೂ ಅಲ್ಲ. ಸಂಜೆ ಹೊತ್ತು ಅಪ್ಪ ಅದನ್ನು ಕಾಯಿಸಿ ತಂದುಕೊಡುತ್ತಾನೆ. ನಾನು ಚಾಪೆಯ ಮೇಲೆ ಅಂಗಾತ ಮಲಗಿ ಸೊಂಟದ ಕೆಳಗೆ ಇಟ್ಟುಕೊಳ್ಳುತ್ತೇನೆ. ಇದನ್ನು ಹೇಳುತ್ತಿರುವುದೂ ಹಾಗೆ ಮಲಗಿಕೊಂಡೇ. ಜಗಲಿ ಮೇಲೆ ಅವ್ವ ಆಗಲೇ ಹೆಲ್ಮೆಟ್ ಹಾಕಿಕೊಂಡು, ಎಕ್ಕದ ಎಲೆ ಹಿಡಿದು ನಿಂತಿದ್ದಾಳೆ.

"ಎದ್ದೇನ್ಲಾ?"

"ಬಂದೆ ಅವ್ವಾ, ಇಟ್ಟಿಗೆ ಇನ್ನೂ ಆರಿಲ್ಲ."